ಸುಪ್ತಶಿಶುಮರಣ ವಿಚಾರ

ಯೆಹೂದ್ಯರ ಪುರಾತನ ಗ್ರಂಥದಲ್ಲಿ ಸೊಲೊಮನ್ ರಾಜನ ನ್ಯಾಯನಿರ್ಣಯದ ಕಥೆಯೊಂದಿರುವುದು. ಒಂದೇ ಮನೆಯಲ್ಲಿ ವಾಸವಾಗಿದ್ದ ಇಬ್ಬರು ಸ್ತ್ರೀಯರು ಮೂರು ದಿನಗಳ ಅಂತರದಲ್ಲಿ ಒಂದೊಂದು ಶಿಶುವನ್ನು ಹೆತ್ತರು. ಒಂದು ರಾತ್ರಿ ಆ ಶಿಶುಗಳಲ್ಲೊಂದು ಸತ್ತಿತು. ಬದುಕಿರುವ ಮಗು ತನ್ನದೆಂದು ಇಬ್ಬರೂ ರಾಜಸಭೆಯಲ್ಲಿ ವಾದಿಸಿದರು. ರಾಜನು ಖಡ್ಗವನ್ನು ತರಿಸಿದುದೂ, ನಿಜವಾದ ತಾಯಿಯು ಯಾರೆಂಬುದು ಅದರಿಂದ ವ್ಯಕ್ತವಾದುದೂ ಸರ್ವರಿಗೂ ವಿದಿತವಾದ ಸಂಗತಿಗಳು. ಆದರೆ ಆ ಕಥೆಯ ಆರಂಭದಲ್ಲಿಯೇ ಇರುವ ಒಂದು ಆಪಾದನೆಯನ್ನು ಓದುಗರು ಪ್ರಾಯಶಃ ಗಮನಿಸುವುದಿಲ್ಲ. ಎದುರಾಳಿಯು ನಿದ್ರೆಯಲ್ಲಿ ತನ್ನ ಮಗುವಿನ ಮೇಲೆ ಹೊರಳಿದುದರಿಂದ ಅದು ಸತ್ತಿತೆಂದು ವಾದಿನಿಯು ಹೇಳುವಳು. ಆ ವೇಳೆಯಲ್ಲಿ ತಾನೂ ನಿದ್ರಿಸುತ್ತಿದ್ದೆನೆಂದೂ, ಮನೆಯಲ್ಲಿ ಮೂರನೆಯವರು ಯಾರೂ ಇರಲಿಲ್ಲವೆಂದೂ ಅವಳೇ ಒಪ್ಪಿಕೊಂಡಿರುವಳು. ಹೀಗಿರಲು, ಹೊರಳಿದುದನ್ನು ಕಂಡವರಾರು? ಸೊಲೊಮನ್ನನು ಬದುಕಿದ ಶಿಶುವಿನ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿ ವಿಚಾರಿಸಿದನು. ಸತ್ತ ಶಿಶುವಿನ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಪ್ರಶ್ನೆಯು ಸರಿಯಾಗಿ ಕೇಳಲ್ಪಡುವುದಕ್ಕೆ ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ರಾತ್ರಿ ಹಾಲು ಕುಡಿದು ಆರೋಗ್ಯದಿಂದ ಮಲಗಿದ ಕೂಸು ಬೆಳಗಾಗುವುದರೊಳಗೆ ಯಾವ ರೋಗಲಕ್ಷಣವೂ ಇಲ್ಲದೆ, ಕೂಗೂ ಇಲ್ಲದೆ, ಹಾಸಿಗೆಯಲ್ಲಿಯೇ ಮೃತವಾಗಿರುವುದು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ನಡೆದುಬಂದಿರುವ ವಿಪತ್ತು. ಇದು ಜನನವಾದ ಎರಡನೆಯ ತಿಂಗಳಿನಿಂದ ನಾಲ್ಕನೆಯ ತಿಂಗಳಿನವರೆಗಿನ ಅವಧಿಯಲ್ಲಿ ಅಧಿಕವಾಗಿಯೂ, ವರ್ಷ ತುಂಬಿದ ಬಳಿಕ ಅತಿವಿರಳವಾಗಿಯೂ ಕಂಡುಬರುತ್ತದೆ. ಕಾರಣವು ಕಾಣದಿದ್ದಲ್ಲಿ ಮನುಷ್ಯನು ಕರ್ತೃವನ್ನು ಹುಡುಕುವನು. ಕರ್ತೃವಾಗಿ ಸಿಕ್ಕುವವಳು ಪಕ್ಕದಲ್ಲಿ ಮಲಗಿದ್ದ ತಾಯಿ.

ಮಧ್ಯಯುಗದ ಯೂರೋಪಿನ ಕ್ರೈಸ್ತಮಠಗಳ ಪ್ರಾಯಶ್ಚಿತ್ತಗ್ರಂಥಗಳಲ್ಲಿ, ನಿದ್ರೆಯಲ್ಲಿ ಮಗುವನ್ನು ಅದುಮಿ ಕೊಂದ ತಾಯ್ತಂದೆಗಳು ಆಚರಿಸಬೇಕಾದ ವ್ರತಗಳು ವಿಧಿಸಲ್ಪಟ್ಟಿವೆ. ಕೆಲವು ವರ್ಷಗಳ ಕಾಲ ನಡೆಯಬೇಕಾದ ಆ ಪ್ರಾಯಶ್ಚಿತ್ತದಲ್ಲಿ ಒಂದಂಶವನ್ನು ಕೇವಲ ರೊಟ್ಟಿ ನೀರುಗಳಿಂದ ಕಳೆಯಬೇಕೆಂಬ ನಿಯಮವೂ ಉಂಟು. ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ‘ಅರ್ಕೂಚಿಯೋ’ ಎಂಬ ಉಪಕರಣವೊಂದು ಬಳಕೆಯಲ್ಲಿದ್ದಿತು. ಅದು ಮರದ ಹಲಗೆಯ ಮೇಲೆ ಕಮಾನಿನಂತೆ ಬಗ್ಗಿಸಿದ ಚೌಕಟ್ಟು. ಹೊದಿಕೆಯಾಗಲಿ ತಾಯಿಯ ತೋಳಾಗಲಿ ಮಗುವಿನ ಮೇಲೆ ಬೀಳದಂತೆ ತಡೆಯುವುದು. ಆದರೂ ಪಾರ್ಶ್ವದಲ್ಲಿದ್ದ ತೆರವಿನಿಂದ ಮೊಲೆಯೂಡಿಸುವುದಕ್ಕೆ ಅನುಕೂಲವಾಗಿದ್ದಿತು. ೧೭೩೨ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆಲಿವರ್ ಸೇಂಟ್ ಜಾನ್ ಎಂಬವರು ಇದರ ಚಿತ್ರವನ್ನೂ ವಿವರವನ್ನೂ ಪ್ರಕಟಿಸಿ, ಫ್ಲಾರೆನ್ಸಿನ ದಾದಿಯರು ಮಗುವನ್ನು ಇದರೊಳಗೆ ಮಲಗಿಸದಿದ್ದರೆ ಧರ್ಮಬಹಿಷ್ಕಾರಕ್ಕೆ ಗುರಿಯಾಗುತ್ತಿದ್ದರೆಂದು ತಿಳಿಸಿರುವರು. ಸಂಶಯವು ತಾಯಿಯ ಮೇಲೆಯೇ ಇದ್ದರೂ, ದಂಡಿಸುವುದಕ್ಕೆ ಬದಲಾಗಿ ತಡೆಯಬೇಕೆಂಬ ಬುದ್ಧಿಯು ಒಬ್ಬ ಬಡಗಿಯ ಕೈಕೆಲಸದಲ್ಲಿ ಮೊದಲು ಕಾಣಿಸಿಕೊಂಡಿತೆಂಬುದು ಗಮನಾರ್ಹವಾಗಿದೆ.

ಭಾರತದ ಗ್ರಂಥಗಳ ಕಡೆಗೆ ತಿರುಗಿದರೆ ಅಲ್ಲಿಯೂ ವಿಚಾರಕ್ಕೆ ವಸ್ತುವಿದೆ. ಸುಶ್ರುತಸಂಹಿತೆಯ ಉತ್ತರತಂತ್ರವು ಸ್ಕಂದ, ಶಕುನಿ, ರೇವತಿ, ಪೂತನಾ, ನೈಗಮೇಷ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ಹೇಳುವುದು. ಆ ಪ್ರಕರಣದಲ್ಲಿ ಜ್ವರ, ಅತಿಸಾರ, ಆಕ್ಷೇಪ ಮೊದಲಾದ ಲಕ್ಷಣಗಳು ಇರುವುದರಿಂದ ಅವು ಪ್ರಕೃತ ವಿಷಯಕ್ಕೆ ನೇರವಾಗಿ ಅನ್ವಯಿಸವು. ಇದಕ್ಕಿಂತ ಹೆಚ್ಚು ಸಮೀಪವಾದುದು ಕಾಶ್ಯಪಸಂಹಿತೆಯ ರೇವತೀಕಲ್ಪ. ನೇಪಾಳದ ರಾಜಗುರು ಹೇಮರಾಜ ಶರ್ಮರ ವಿಸ್ತಾರವಾದ ಸಂಸ್ಕೃತ ಉಪೋದ್ಘಾತದೊಡನೆ ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಹೊರಬಂದ ಈ ಗ್ರಂಥದಲ್ಲಿ ‘ಜಾತಹಾರಿಣಿ’ ಎಂಬ ಶಕ್ತಿಯ ವರ್ಣನೆಯಿದೆ. ಹುಟ್ಟಿದ ಶಿಶುವನ್ನು ಅಪಹರಿಸುವವಳೆಂದು ಹೆಸರೇ ಹೇಳುತ್ತದೆ. ಧರ್ಮವನ್ನು ಬಿಟ್ಟು ನಡೆದ ಸ್ತ್ರೀಯನ್ನು ಅವಳು ಹಿಡಿಯುವಳೆಂಬುದು ಅಲ್ಲಿಯ ಅಭಿಪ್ರಾಯ. ಎರಡು ದೇಶಗಳ ವಾಙ್ಮಯವೂ ಪರಸ್ಪರ ಪರಿಚಯವಿಲ್ಲದೆ ಒಂದೇ ಸ್ಥಳಕ್ಕೆ ಬಂದು ನಿಂತಿವೆ: ಅಲ್ಲಿ ತಾಯಿಯ ದೇಹವು ಕೊಂದಿತು, ಇಲ್ಲಿ ತಾಯಿಯ ನಡತೆಯು ಕೊಂದಿತು. ಪ್ರತಿಯಾಗಿ ಚರಕನ ಶಾರೀರಸ್ಥಾನದ ಕುಮಾರಾಗಾರ ಪ್ರಕರಣವನ್ನು ಓದಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ. ಶಿಶುವಿನ ಶಯನಾಸನ ಆಸ್ತರಣಗಳು ಮೃದುವಾಗಿಯೂ ಲಘುವಾಗಿಯೂ ಶುಚಿಯಾಗಿಯೂ ಇರಬೇಕು, ಬೆವರು ಮಲ ಮೂತ್ರಗಳಿಂದ ಕೂಡಿದವುಗಳನ್ನು ತೆಗೆದುಹಾಕಬೇಕು, ಅಳುವ ಮಗುವನ್ನು ಹೆದರಿಸಲಾಗದು ಎಂಬ ಆ ಉಪದೇಶಗಳಲ್ಲಿ ಪಾಪಪುಣ್ಯಗಳ ಪ್ರಸ್ತಾಪವೇ ಇಲ್ಲ. ಶಯ್ಯೆಯು ಮೃದುವಾಗಿರಬೇಕೆಂಬ ಮಾತನ್ನು ಮಾತ್ರ ಇಂದಿನ ವೈದ್ಯರು ಒಪ್ಪುವುದಿಲ್ಲ. ಅದರ ಕಾರಣವು ಮುಂದೆ ಬರುವುದು.

ಧರ್ಮಶಾಸ್ತ್ರವು ಇಂತಹ ಮರಣವನ್ನು ಹೇಗೆ ಕಂಡಿತೆಂಬುದನ್ನೂ ಇಲ್ಲಿಯೇ ಹೇಳಬಹುದು. ಎರಡು ವರ್ಷ ತುಂಬದ ಮಗುವನ್ನು ಬಂಧುಗಳು ಅಲಂಕರಿಸಿ ಊರ ಹೊರಗೆ ಶುದ್ಧವಾದ ನೆಲದಲ್ಲಿ ಹೂಳಬೇಕು. ಅದಕ್ಕೆ ಅಗ್ನಿಸಂಸ್ಕಾರವಿಲ್ಲ, ಉದಕಕ್ರಿಯೆಯಿಲ್ಲ, ಅಸ್ಥಿಸಂಚಯನವಿಲ್ಲ ಎಂದು ಮನುವು ಐದನೆಯ ಅಧ್ಯಾಯದಲ್ಲಿ ವಿಧಿಸುವನು. ಅರಣ್ಯದಲ್ಲಿ ಕಟ್ಟಿಗೆಯನ್ನು ಬಿಟ್ಟುಬರುವಂತೆ ಬಿಟ್ಟುಬರಬೇಕೆಂಬ ಕಠಿನವಾದ ಉಪಮೆಯೂ ಅಲ್ಲಿದೆ. ಹಲ್ಲು ಹುಟ್ಟುವುದಕ್ಕೆ ಮುಂಚೆ ಸತ್ತರೆ ಸದ್ಯಃಶೌಚವೆಂದು ಯಾಜ್ಞವಲ್ಕ್ಯನ ಮತ. ಬಾಲಮರಣವು ಮನೆಮನೆಯಲ್ಲಿಯೂ ನಡೆಯುತ್ತಿದ್ದ ಕಾಲದಲ್ಲಿ ಕುಟುಂಬದ ಮೇಲೆ ದೀರ್ಘವಾದ ಅಶೌಚದ ಹೊರೆಯನ್ನು ಹೊರಿಸಬಾರದೆಂಬ ಕರುಣೆಯು ಈ ವಿಧಿಗೆ ಮೂಲವಾಗಿರಬಹುದು. ಆದರೆ ಫಲದಲ್ಲಿ ಒಂದು ಕೊರತೆಯು ಉಳಿಯಿತು. ವೃದ್ಧನು ಸತ್ತರೆ ಹತ್ತು ದಿನ ನೆಂಟರು ಬಂದು ಕುಳಿತು ಮಾತನಾಡುವರು. ಮೂರು ತಿಂಗಳ ಕೂಸನ್ನು ಕಳೆದುಕೊಂಡವಳ ಎದೆಯಲ್ಲಿ ಹಾಲು ಇನ್ನೂ ಆರುವುದಕ್ಕೆ ಮುಂಚೆ ಮನೆಯು ಎಂದಿನಂತೆ ನಡೆಯತೊಡಗುವುದು. ಶುದ್ಧಿಯು ಸದ್ಯಃ ಆಗಬಲ್ಲುದು. ಶೋಕಕ್ಕೆ ಆ ಸೂತ್ರವು ಹೊಂದದು.

ಪ್ರಕೃತವನ್ನು ಅನುಸರಿಸುವುದಾದರೆ, ತಾಯಿಯೇ ಕಾರಣಳೆಂಬ ಅನುಮಾನಕ್ಕೆ ಮೊದಲ ಪೆಟ್ಟು ಬಿದ್ದುದು ೧೮೩೪ರಲ್ಲಿ. ಇಂಗ್ಲೆಂಡಿನ ಡಾರ್ಬಿ ಊರಿನ ಶಸ್ತ್ರವೈದ್ಯ ಫರ್ನ್ ಎಂಬವರು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದ ಒಂದು ಚಿಕ್ಕ ಪತ್ರದಲ್ಲಿ ಎರಡು ಶಿಶುಗಳ ಶವಪರೀಕ್ಷೆಯನ್ನು ವರ್ಣಿಸಿರುವರು. ಒಂದು ಶಿಶುವು ತಾಯಿಯ ಜೊತೆಯಲ್ಲಿ ಮಲಗಿದ್ದಿತು. ಅದು ಅದುಮಿ ಸತ್ತಿತೆಂದೇ ಊಹೆ. ಎರಡನೆಯದು ಹಾಗೆ ಮಲಗಿರಲಿಲ್ಲ. ಆದರೆ ಎರಡರ ಎದೆಯೊಳಗಿನ ಅಂಗಗಳಲ್ಲಿಯೂ ಒಂದೇ ವಿಧವಾದ ಸೂಕ್ಷ್ಮವಾದ ರಕ್ತಬಿಂದುಗಳಿದ್ದವು. ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ‘ತಾಯಿಯ ಪಕ್ಕದಲ್ಲಿದ್ದುದರಿಂದ’ ಎಂಬ ಹೇತುವು ಸವ್ಯಭಿಚಾರವಾಯಿತು: ಹೇತುವಿಲ್ಲದೆಡೆಯಲ್ಲಿಯೂ ಅದೇ ಮರಣ, ಅದೇ ಚಿಹ್ನೆ. ಒಂದು ಪ್ರತಿದೃಷ್ಟಾಂತವು ಸಾಕಾಗಿದ್ದಿತು. ಲೋಕವು ಅದನ್ನು ಕೇಳಲಿಲ್ಲ.

ಅರವತ್ತು ವರ್ಷಗಳ ಮೇಲೆ, ೧೮೯೨ರಲ್ಲಿ, ಸ್ಕಾಟ್ಲೆಂಡಿನ ಡಂಡೀ ನಗರದ ಪೋಲೀಸು ವೈದ್ಯರಾದ ಚಾರ್ಲ್ಸ್ ಟೆಂಪಲ್‌ಮನ್ನರು ೨೫೮ ಶಿಶುಗಳ ಮರಣವನ್ನು ಪರಿಶೀಲಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಇವುಗಳಲ್ಲಿ ಅರ್ಧಕ್ಕೆ ಸಮೀಪವಾದ ಭಾಗವು ಶನಿವಾರದ ರಾತ್ರಿಯಿಂದ ಭಾನುವಾರದ ಬೆಳಗಿನೊಳಗೆ ಸಂಭವಿಸಿದ್ದಿತು. ಶನಿವಾರವು ಕೂಲಿ ಬಟವಾಡೆಯ ದಿನ. ಆದುದರಿಂದ ತಾಯಂದಿರ ಅಜ್ಞಾನ, ಅಜಾಗ್ರತೆ, ಮದ್ಯಪಾನ, ಒಂದೇ ಕೋಣೆಯಲ್ಲಿ ಬಹುಜನ ವಾಸ ಎಂಬಿವೇ ಕಾರಣಗಳೆಂದು ಅವರು ನಿರ್ಣಯಿಸಿದರು. ಸೆಣಬಿನ ಗಿರಣಿಗಳ ಆ ನಗರದ ದಾರಿದ್ರ್ಯವನ್ನು ನೆನೆದರೆ ಈ ನಿರ್ಣಯದಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಮದ್ಯಪಾನ ಮಾಡಿದವರ ಜೊತೆಯಲ್ಲಿ ಶಿಶುವು ಮಲಗುವುದು ಅಪಾಯಕರವೆಂದು ಈಗಲೂ ಸಿದ್ಧವಾಗಿದೆ. ಆದರೆ ಶನಿವಾರವಲ್ಲದ ದಿನಗಳಲ್ಲಿ ಸತ್ತ ಅರ್ಧಕ್ಕಿಂತ ಹೆಚ್ಚು ಶಿಶುಗಳನ್ನೂ ಅದೇ ವರ್ಗಕ್ಕೆ ಸೇರಿಸಿದುದು ಅತಿವ್ಯಾಪ್ತಿದೋಷ. ೧೯೦೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಕ್ಕಳ ಶಾಸನವನ್ನು ಮಾಡಿ, ಕುಡಿದು ಮಲಗಿದ ಹಿರಿಯರ ಹಾಸಿಗೆಯಲ್ಲಿ ಶಿಶುವು ಉಸಿರುಕಟ್ಟಿ ಸತ್ತರೆ ಅದನ್ನು ದಂಡನಾರ್ಹವೆಂದು ಎಣಿಸಿತು.

ವೈದ್ಯರಲ್ಲಿ ಇನ್ನೊಂದು ಪಂಥವು ತಾಯಿಯನ್ನು ಬಿಟ್ಟು ಶಿಶುವಿನ ಶರೀರದಲ್ಲಿಯೇ ದೋಷವನ್ನು ಹುಡುಕಿತು. ಎದೆಯೆಲುಬಿನ ಹಿಂದೆ ಶ್ವಾಸನಾಳಕ್ಕೆ ಸಮೀಪವಾಗಿ ಥೈಮಸ್ ಎಂಬ ಗ್ರಂಥಿಯಿರುವುದು. ಇದು ಬೆಳೆದು ಶ್ವಾಸವನ್ನು ಅಡಗಿಸುವುದೆಂಬ ಊಹೆಯು ೧೬೧೪ರಲ್ಲಿ ಬಾಸೆಲ್ ನಗರದ ಫೆಲಿಕ್ಸ್ ಪ್ಲಾಟರನ ಕಾಲಕ್ಕೇ ಇದ್ದಿತು. ೧೮೩೦ರಲ್ಲಿ ಕೋಪ್ ಎಂಬ ಜರ್ಮನ್ ವೈದ್ಯನು ‘ಥೈಮಸ್ ಶ್ವಾಸರೋಗ’ವೆಂಬುದನ್ನು ಪ್ರತಿಪಾದಿಸಿದನು. ೧೮೫೮ರಲ್ಲಿ ಫ್ರೀಡ್ಲೇಬೆನ್ ಎಂಬವನು ಬಹಳ ಶ್ರಮದಿಂದ ಪರೀಕ್ಷಿಸಿ ಅಂತಹ ರೋಗವೇ ಇಲ್ಲವೆಂದು ಸಾರಿದನು; ಆದರೂ ೧೮೮೯ರಲ್ಲಿ ವಿಯೆನ್ನಾದ ಪಾಲ್ಟಾಫನು ಹೊಸ ಹೆಸರಿಟ್ಟು ಅದನ್ನೇ ಎಬ್ಬಿಸಿದನು. ಭ್ರಾಂತಿಯ ಮೂಲವು ವಿಚಿತ್ರವಾಗಿದೆ. ಆಗ ಅಂಗಚ್ಛೇದಶಾಲೆಗಳಿಗೆ ಬರುತ್ತಿದ್ದ ಶವಗಳು ಪ್ರಾಯಶಃ ಬಡವರವು, ಬಹುಕಾಲ ರೋಗದಿಂದಲೂ ಹಸಿವಿನಿಂದಲೂ ನರಳಿ ಸತ್ತವರವು. ದೀರ್ಘರೋಗದಲ್ಲಿ ಈ ಗ್ರಂಥಿಯು ಕುಗ್ಗಿಹೋಗುವುದು. ಆ ಕುಗ್ಗಿದುದನ್ನೇ ಪ್ರಕೃತವೆಂದು ಭಾವಿಸಿದವರಿಗೆ, ಆರೋಗ್ಯದಿಂದಿದ್ದು ಹಠಾತ್ತಾಗಿ ಸತ್ತ ಶಿಶುವಿನ ಸಹಜವಾದ ಗ್ರಂಥಿಯು ಬೆಳೆದದ್ದಾಗಿ ತೋರಿತು. ಆರೋಗ್ಯವೇ ರೋಗವೆನಿಸಿಕೊಂಡಿತು. ಈ ತಪ್ಪು ಪುಸ್ತಕದಲ್ಲಿಯೇ ಉಳಿದಿದ್ದರೆ ಹಾನಿಯಿರಲಿಲ್ಲ. ೧೯೦೭ರಿಂದ ಅಮೆರಿಕಾದಲ್ಲಿ ಈ ಗ್ರಂಥಿಯನ್ನು ಕುಗ್ಗಿಸುವುದಕ್ಕೆಂದು ಶಿಶುಗಳ ಕತ್ತು ಎದೆಗಳಿಗೆ ಕ್ಷಕಿರಣಗಳನ್ನು ಹಾಯಿಸತೊಡಗಿದರು. ಬ್ರಿಟನ್ನಿನ ವಿಚಾರಣಾಸಮಿತಿಯೊಂದು ೧೯೩೧ರಲ್ಲಿ ಈ ಮತಕ್ಕೆ ಆಧಾರವಿಲ್ಲವೆಂದು ವರದಿಮಾಡಿದ ಮೇಲೆಯೂ ಆ ಚಿಕಿತ್ಸೆಯು ನಿಲ್ಲಲಿಲ್ಲ. ಹೀಗೆ ಚಿಕಿತ್ಸೆ ಹೊಂದಿದ ಮಕ್ಕಳಲ್ಲಿ ಥೈರಾಯಿಡ್ ಗ್ರಂಥಿಯ ಅರ್ಬುದವು ಕಾಣಿಸಿಕೊಳ್ಳುತ್ತಿರುವುದನ್ನು ೧೯೫೦ರಲ್ಲಿ ಡಫಿ, ಫಿಟ್ಸ್‌ಜೆರಾಲ್ಡ್ ಎಂಬವರು ತೋರಿಸಿದರು.

ಈ ಚರಿತ್ರೆಯಲ್ಲಿ ಅತ್ಯಂತ ಖೇದಕರವಾದ ಭಾಗವು ಇನ್ನೂ ಮುಂದಿರುವುದು. ೧೯೪೪ರಲ್ಲಿ ನ್ಯೂಯಾರ್ಕಿನ ಹೆರಲ್ಡ್ ಏಬ್ರಮ್‌ಸನ್ನರು, ಹಾಸಿಗೆಯಲ್ಲಿ ಸತ್ತ ಶಿಶುಗಳ ಪೈಕಿ ಬಹುಭಾಗವು ಬೋರಲಾಗಿ ಮಲಗಿದ್ದುವೆಂದು ತಿಳಿಸಿ, ಹಾಗೆ ಮಲಗಿಸಬಾರದೆಂದು ಎಚ್ಚರಿಸಿದರು. ಮರುವರ್ಷವೇ ವುಲಿ ಎಂಬ ವೈದ್ಯರು, ಮುಖಕ್ಕೆ ಹೊದಿಕೆ ಹಾಕಿದರೂ ಶಿಶುಗಳು ಸಾಯಲಿಲ್ಲವೆಂದು ಪ್ರಯೋಗದಿಂದ ತೋರಿಸಿ, ಉಸಿರುಕಟ್ಟುವಿಕೆಯೆಂಬ ವಾದವನ್ನು ಖಂಡಿಸಿದರು. ತಾಯಂದಿರನ್ನು ಅಪವಾದದಿಂದ ಬಿಡಿಸಬೇಕೆಂಬ ಸದುದ್ದೇಶವಿದ್ದ ಈ ಖಂಡನದ ಜೊತೆಯಲ್ಲಿ ಬೋರಲು ಮಲಗುವಿಕೆಯ ವಿಷಯವಾದ ಎಚ್ಚರಿಕೆಯೂ ತೇಲಿಹೋಯಿತು. ಅಷ್ಟರಲ್ಲಿ ವೈದ್ಯರು ಬೋರಲನ್ನೇ ಹೊಗಳತೊಡಗಿದ್ದರು. ಮಗುವು ವಾಂತಿಮಾಡಿಕೊಂಡರೆ ಅಂಗಾತ ಮಲಗಿದಾಗ ಗಂಟಲಿಗೆ ಸಿಕ್ಕುವುದೆಂಬುದು ಅವರ ಭಯ. ಅಮೆರಿಕಾದ ಮನೆಮನೆಯಲ್ಲಿಯೂ ಇದ್ದ ಬೆಂಜಮಿನ್ ಸ್ಪಾಕರ ಶಿಶುಪಾಲನಗ್ರಂಥವು, ೧೯೫೦ರ ದಶಕದ ಆವೃತ್ತಿಗಳಿಂದ ಮೊದಲ್ಗೊಂಡು ಇದೇ ಕಾರಣವನ್ನು ಕೊಟ್ಟು ಬೋರಲನ್ನು ಶಿಫಾರಸು ಮಾಡಿತು. ಅಕಾಲದಲ್ಲಿ ಹುಟ್ಟಿದ ಕೂಸುಗಳು ಬೋರಲಾಗಿದ್ದಾಗ ಚೆನ್ನಾಗಿ ಉಸಿರಾಡುವುದನ್ನು ಆಸ್ಪತ್ರೆಗಳಲ್ಲಿ ಕಂಡವರು, ಆ ಧರ್ಮವನ್ನು ಸಮಸ್ತ ಶಿಶುಗಳಿಗೂ ಆರೋಪಿಸಿದರು.

ವಸ್ತುಸ್ಥಿತಿಯು ಇದಕ್ಕೆ ವಿಪರೀತವಾಗಿದ್ದಿತು. ಅಂಗಾತ ಮಲಗಿದ ಶಿಶುವಿನಲ್ಲಿ ಶ್ವಾಸನಾಳವು ಮೇಲೆಯೂ ಅನ್ನನಾಳವು ಕೆಳಗೂ ಇರುವುದರಿಂದ, ಹೊರಬಂದ ಹಾಲು ಶ್ವಾಸನಾಳವನ್ನು ಸೇರಬೇಕಾದರೆ ಮೇಲಕ್ಕೆ ಏರಬೇಕು. ಬೋರಲಾದಾಗ ಕೆಳಕ್ಕೆ ಇಳಿದರೆ ಸಾಕು. ಬೋರಲಾಗಿ ಮಲಗಿದ ಕೂಸು ಗಾಢವಾಗಿ ನಿದ್ರಿಸುವುದೆಂದು ಹೇಳಿದುದು ನಿಜ. ಆ ಗಾಢತೆಯೇ ಅಪಾಯ. ಮೆತ್ತನೆಯ ಹಾಸಿಗೆಯಲ್ಲಿ ಮುಖವಿಟ್ಟು, ತಾನು ಬಿಟ್ಟ ಉಸಿರನ್ನೇ ಮತ್ತೆ ಸೇದುತ್ತಿರುವಾಗ ಆರೋಗ್ಯವಂತವಾದ ಶಿಶುವು ಎಚ್ಚೆತ್ತು ತಲೆಯನ್ನು ಹೊರಳಿಸುವುದು. ಮೆದುಳಿನ ಬುಡದಲ್ಲಿ ಈ ಎಚ್ಚರಿಕೆಯ ವ್ಯವಸ್ಥೆಯು ದುರ್ಬಲವಾಗಿರುವ ಶಿಶುವು ಎಚ್ಚರಗೊಳ್ಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಈ ದೌರ್ಬಲ್ಯವು ಕಾಣುವಂತಿಲ್ಲ. ದುರ್ಬಲವಾದ ಶಿಶು, ಬೆಳವಣಿಗೆಯ ಸಂಧಿಕಾಲ, ಹೊರಗಿನ ಒತ್ತಡ ಎಂಬ ಮೂರೂ ಕೂಡಿದಾಗ ಮರಣವುಂಟಾಗುವುದೆಂದು ೧೯೯೪ರಲ್ಲಿ ಫಿಲಿಯಾನೋ, ಕಿನ್ನಿ ಎಂಬ ವಿದ್ವಾಂಸರು ಪ್ರತಿಪಾದಿಸಿರುವರು. ಮೊದಲೆರಡು ಮನುಷ್ಯನ ಕೈಯಲ್ಲಿಲ್ಲ.

ಸತ್ಯವು ಹೊರಬಿದ್ದುದು ಮೂರುನಾಲ್ಕು ದಿಕ್ಕುಗಳಿಂದ. ೧೯೮೫ರಲ್ಲಿ ಡೇವೀಸ್ ಎಂಬವರು, ಹಾಂಗ್‌ಕಾಂಗಿನ ಕಿಕ್ಕಿರಿದ ಮನೆಗಳಲ್ಲಿ ಈ ಮರಣವು ಸಾವಿರ ಜನನಗಳಿಗೆ ಸುಮಾರು ೦.೩ ಮಾತ್ರವೆಂದು ಕಂಡು ಆಶ್ಚರ್ಯಪಟ್ಟು, ಚೀನೀಯರು ಶಿಶುವನ್ನು ಅಂಗಾತ ಮಲಗಿಸುವ ರೂಢಿಯನ್ನು ಗಮನಕ್ಕೆ ತಂದರು. ಜನಸಂಕೀರ್ಣತೆಯೇ ಕಾರಣವೆಂದ ಟೆಂಪಲ್‌ಮನ್ನರಿಗೆ ಇದೇ ಉತ್ತರವಾಯಿತು. ಇಂಗ್ಲೆಂಡಿನಲ್ಲಿ ನೆಲಸಿದ ಭಾರತೀಯ ಉಪಖಂಡದ ಕುಟುಂಬಗಳಲ್ಲಿಯೂ ಈ ಮರಣವು ಕಡಿಮೆಯೆಂದು ಮುಂದೆ ಗೊತ್ತಾಯಿತು. ಕೂಸನ್ನು ಅಂಗಾತ ಮಲಗಿಸುವುದು, ರಾತ್ರಿ ಒಂಟಿಯಾಗಿ ಬೇರೆ ಕೋಣೆಯಲ್ಲಿ ಬಿಡದಿರುವುದು, ತಾಯಂದಿರಲ್ಲಿ ಧೂಮಪಾನವು ವಿರಳವಾಗಿರುವುದು ಇವೇ ಕಾರಣಗಳೆಂದು ಊಹಿಸಿರುವರು. ಕನ್ನಡನಾಡಿನ ತೊಟ್ಟಿಲಲ್ಲಿಯೂ ಕೂಸು ಅಂಗಾತವಾಗಿಯೇ ಮಲಗುವುದಷ್ಟೆ. ಹಾಲೆಂಡಿನಲ್ಲಿ ೧೯೭೦ರ ದಶಕದ ಆದಿಯಲ್ಲಿ ಬೋರಲಿನ ಪದ್ಧತಿಯು ಹಬ್ಬಿದ ಮೇಲೆ ಮರಣಗಳು ಏರಿದವು. ೧೯೮೭ರಲ್ಲಿ ಡ ಯೊಂಗ ಮೊದಲಾದವರು ಎಚ್ಚರಿಸಿ ಪದ್ಧತಿಯನ್ನು ತಿರುಗಿಸಿದೊಡನೆ ಇಳಿದವು. ಅನ್ವಯ ವ್ಯತಿರೇಕಗಳೆರಡೂ ಒಂದೇ ದೇಶದಲ್ಲಿ ಸಿದ್ಧವಾದುದಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆಯು ದೊರೆಯುವುದು ಕಷ್ಟ. ೧೯೯೦ರಲ್ಲಿ ಪೀಟರ್ ಫ್ಲೆಮಿಂಗರು ಏವನ್ ಪ್ರಾಂತದ ಸಂಶೋಧನೆಯಿಂದ, ಬೋರಲು ಮಲಗಿದ ಶಿಶುವಿಗೆ ಅಪಾಯವು ಎಂಟುಮಡಿಗಿಂತ ಹೆಚ್ಚೆಂದೂ, ಹೊದಿಕೆಯ ಭಾರದಿಂದ ಅದು ಬೆಳೆಯುವುದೆಂದೂ ತಿಳಿಸಿದರು.

ಇವರೆಲ್ಲರಲ್ಲಿ ವಿಶೇಷವಾಗಿ ಸ್ಮರಿಸಬೇಕಾದವರು ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದ ವೈದ್ಯೆ ಸೂಸನ್ ಬೀಲ್. ೧೯೭೦ರ ದಶಕದಿಂದ ಆಕೆಯು ಶಿಶುವು ಸತ್ತ ಸುದ್ದಿ ಬಂದೊಡನೆ ಆ ಮನೆಗೆ ಹೋಗುತ್ತಿದ್ದರು. ಕಾಲಕ್ರಮದಲ್ಲಿ ಐನೂರಕ್ಕೂ ಮಿಕ್ಕ ಮನೆಗಳನ್ನು ಕಂಡರು. ತಾಯ್ತಂದೆಗಳ ಜೊತೆಯಲ್ಲಿ ಕುಳಿತು ಅವರ ಮಾತನ್ನು ಕೇಳುವುದು, ಕೂಸು ಹೇಗೆ ಮಲಗಿತ್ತು, ಹಾಸಿಗೆಯು ಎಂತಹುದು ಎಂಬುದನ್ನು ತಿಳಿಯುವುದು ಇವು ಆಕೆಗೆ ಒಂದೇ ಕಾರ್ಯದ ಎರಡು ಅಂಗಗಳಾಗಿದ್ದವು. ಶವಾಗಾರದ ಮೇಜಿನ ಮೇಲೆ ಸಾವಿರಾರು ಶವಗಳನ್ನು ಕೊಯ್ದವರಿಗೆ ತಿಳಿಯದಿದ್ದುದು ದುಃಖಿತರ ಮನೆಯಲ್ಲಿ ಕುಳಿತವರಿಗೆ ತಿಳಿಯಿತು. ಶವವನ್ನು ಮೇಜಿನ ಮೇಲೆ ಅಂಗಾತವಾಗಿಯೇ ಇಡುವರು. ಅದು ತೊಟ್ಟಿಲಲ್ಲಿ ಹೇಗಿದ್ದಿತೆಂಬುದು ತಾಯಿಗೆ ಮಾತ್ರ ಗೊತ್ತು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ನ್ಯೂಜಿಲೆಂಡಿನಲ್ಲಿಯೂ ಬ್ರಿಟನ್ನಿನಲ್ಲಿಯೂ ೧೯೯೧ರಲ್ಲಿ, ಅಮೆರಿಕಾದಲ್ಲಿ ೧೯೯೪ರಲ್ಲಿ, ಶಿಶುವನ್ನು ಅಂಗಾತ ಮಲಗಿಸಬೇಕೆಂಬ ಪ್ರಚಾರವು ಸರಕಾರದ ವತಿಯಿಂದ ನಡೆಯಿತು. ಬ್ರಿಟನ್ನಿನಲ್ಲಿ ಅದೇ ವರ್ಷ ತನ್ನ ಮಗುವನ್ನು ಕಳೆದುಕೊಂಡ ದೂರದರ್ಶನ ನಿರೂಪಕಿ ಆನ್ ಡೈಮಂಡರ ಒತ್ತಾಯವು ಇದಕ್ಕೆ ಬಹಳ ಸಹಾಯಕವಾಯಿತು. ಗಟ್ಟಿಯಾದ ಸಮತಲದ ಹಾಸಿಗೆ, ತಲೆಯ ಮೇಲೆ ಬೀಳದ ಹೊದಿಕೆ, ಹೊಗೆಸೊಪ್ಪಿನ ಹೊಗೆಯಿಲ್ಲದ ಮನೆ, ಮೊದಲ ಆರು ತಿಂಗಳು ಹಿರಿಯರ ಕೋಣೆಯಲ್ಲಿಯೇ ಪ್ರತ್ಯೇಕವಾದ ತೊಟ್ಟಿಲು, ಮೊಲೆಹಾಲು ಇಷ್ಟೇ ಉಪದೇಶ. ಕೆಲವೇ ವರ್ಷಗಳಲ್ಲಿ ಆ ದೇಶಗಳ ಮರಣಸಂಖ್ಯೆಯು ಅರ್ಧಕ್ಕೂ ಅದಕ್ಕಿಂತ ಕೆಳಕ್ಕೂ ಇಳಿಯಿತು. ಔಷಧವಿಲ್ಲ, ಯಂತ್ರವಿಲ್ಲ, ವೆಚ್ಚವಿಲ್ಲ. ೨೦೦೫ರಲ್ಲಿ ರೂತ್ ಗಿಲ್ಬರ್ಟ್ ಮೊದಲಾದವರು ಹಳೆಯ ಪ್ರಬಂಧಗಳನ್ನೆಲ್ಲ ಒಟ್ಟುಗೂಡಿಸಿ ಎಣಿಸಿ, ೧೯೭೦ರ ವೇಳೆಗೇ ಬೋರಲಿನ ಅಪಾಯಕ್ಕೆ ಸಾಕಷ್ಟು ಪ್ರಮಾಣವಿದ್ದಿತೆಂದೂ, ಆಗಲೇ ಅದನ್ನು ಕೂಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ ಹತ್ತು ಸಾವಿರ, ಯೂರೋಪು ಅಮೆರಿಕಾ ಆಸ್ಟ್ರೇಲೇಷ್ಯಗಳಲ್ಲಿ ಒಟ್ಟು ಐವತ್ತು ಸಾವಿರಕ್ಕೆ ಕಡಿಮೆಯಿಲ್ಲದ ಶಿಶುಗಳು ಉಳಿಯಬಹುದಾಗಿದ್ದಿತೆಂದೂ ತೋರಿಸಿರುವರು. ಗ್ರಂಥಗಳು ಇದ್ದವು, ಓದಿ ಸಮನ್ವಯ ಮಾಡುವವರಿರಲಿಲ್ಲ.

ಶಿಶುವನ್ನು ಕಳೆದುಕೊಂಡವರ ಪಾಡು ಏನಾಯಿತೆಂಬುದು ಉಳಿದ ಪ್ರಶ್ನೆ. ಅಮೆರಿಕಾದಲ್ಲಿ ೧೯೬೨ರಲ್ಲಿ ರೋ ದಂಪತಿಗಳು ತಮ್ಮ ಗತಿಸಿದ ಮಗುವಿನ ಹೆಸರಿನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಇಂಗ್ಲೆಂಡಿನಲ್ಲಿ ೧೯೭೧ರಲ್ಲಿ, ಮೊಮ್ಮಗನನ್ನು ಕಳೆದುಕೊಂಡ ನ್ಯಾನ್ಸಿ ಹಂಟರ್-ಗ್ರೇ ಎಂಬಾಕೆಯ ಪ್ರಯತ್ನದಿಂದ ಇಂತಹುದೇ ಸಂಸ್ಥೆಯು ಹುಟ್ಟಿತು. ಅದು ೨೦೧೩ರಿಂದ ‘ಲಲಬಿ ಟ್ರಸ್ಟ್’, ಎಂದರೆ ಜೋಗುಳದ ಹೆಸರಿನ ಸಂಸ್ಥೆಯೆಂದು, ಪ್ರಸಿದ್ಧವಾಗಿದೆ. ೧೯೬೯ರಲ್ಲಿ ಸಿಯಾಟಲ್ ನಗರದ ವಿದ್ವತ್ಸಭೆಯಲ್ಲಿ ಬೆಕ್‌ವಿತ್ತರು ಈ ಮರಣಕ್ಕೆ ಲಕ್ಷಣವಾಕ್ಯವನ್ನು ರಚಿಸಿದರು: ಪೂರ್ವವೃತ್ತಾಂತದಿಂದ ನಿರೀಕ್ಷಿತವಲ್ಲದುದು, ಸಮಗ್ರವಾದ ಶವಪರೀಕ್ಷೆಯಿಂದಲೂ ಸಾಕಷ್ಟು ಕಾರಣವು ದೊರೆಯದುದು. ನಿಷೇಧರೂಪವಾದ ಈ ಲಕ್ಷಣವನ್ನು ತಾರ್ಕಿಕರು ಆಕ್ಷೇಪಿಸಬಹುದು. ಕಾರಣವು ತಿಳಿಯದೆಂಬುದನ್ನೇ ಒಂದು ರೋಗವೆನ್ನುವುದು ಹೇಗೆ? ಆದರೆ ಮರಣಪತ್ರದಲ್ಲಿ ‘ಉಸಿರುಕಟ್ಟಿ’ ಎಂದು ಬರೆಯಿಸಿಕೊಂಡು, ಪೋಲೀಸರ ವಿಚಾರಣೆಗೂ ಅತ್ತೆಮನೆಯ ನೋಟಕ್ಕೂ ಸಿಕ್ಕಿದ್ದ ತಾಯಿಗೆ, ನಿನ್ನ ತಪ್ಪಿಲ್ಲವೆಂದು ಹೇಳುವ ಒಂದು ಹೆಸರು ದೊರೆತುದು ಅಲ್ಪಲಾಭವಲ್ಲ.

ಆ ಹೆಸರೂ ಎಲ್ಲರನ್ನೂ ರಕ್ಷಿಸಲಿಲ್ಲ. ಇಂಗ್ಲೆಂಡಿನ ನ್ಯಾಯವಾದಿನಿ ಸ್ಯಾಲಿ ಕ್ಲಾರ್ಕರ ಇಬ್ಬರು ಮಕ್ಕಳು ೧೯೯೬ರಲ್ಲಿಯೂ ೧೯೯೮ರಲ್ಲಿಯೂ ಎಳೆಯ ತಿಂಗಳುಗಳಲ್ಲಿಯೇ ಸತ್ತುವು. ಒಂದು ಮನೆಯಲ್ಲಿ ಒಂದು ಶಿಶು ಹೀಗೆ ಸಾಯುವ ಸಂಭವವು ೮,೫೪೩ರಲ್ಲಿ ಒಂದಾದರೆ, ಎರಡು ಸಾಯುವುದು ಅದರ ವರ್ಗವಾದ ೭ ಕೋಟಿ ೩೦ ಲಕ್ಷದಲ್ಲಿ ಒಂದೆಂದು ವೈದ್ಯ ರಾಯ್ ಮೆಡೋ ಸಾಕ್ಷ್ಯ ಹೇಳಿದರು. ಒಂದೇ ತಾಯ್ತಂದೆಗಳ ಮಕ್ಕಳಲ್ಲಿ ಒಂದೇ ದೌರ್ಬಲ್ಯವು ಇರಬಹುದೆಂಬುದನ್ನು ಈ ಗುಣಾಕಾರವು ಎಣಿಸಲಿಲ್ಲ. ಒಂದೇ ತಾಯಿಯು ಇಬ್ಬರು ಮಕ್ಕಳನ್ನು ಕೊಲ್ಲುವುದೂ ಎಷ್ಟು ವಿರಳವೆಂಬುದನ್ನು ಯಾರೂ ಹೋಲಿಸಲಿಲ್ಲ. ೧೯೯೯ರಲ್ಲಿ ಆಕೆಗೆ ಕಾರಾಗೃಹವಾಯಿತು. ೨೦೦೧ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯು ಈ ಗಣಿತವನ್ನು ಬಹಿರಂಗವಾಗಿ ಆಕ್ಷೇಪಿಸಿತು. ೨೦೦೩ರಲ್ಲಿ ಬಿಡುಗಡೆಯಾದ ಆಕೆಯು ೨೦೦೭ರಲ್ಲಿ ತೀರಿಕೊಂಡರು. ಆಸ್ಟ್ರೇಲಿಯಾದಲ್ಲಿ ನಾಲ್ಕು ಮಕ್ಕಳನ್ನು ಕಳೆದುಕೊಂಡ ಕ್ಯಾತ್ಲೀನ್ ಫಾಲ್ಬಿಗ್ ಎಂಬಾಕೆಯು ೨೦೦೩ರಲ್ಲಿ ದಂಡಿತಳಾಗಿ ಇಪ್ಪತ್ತು ವರ್ಷಗಳನ್ನು ಸೆರೆಯಲ್ಲಿ ಕಳೆದಳು. ಹೆಣ್ಣುಮಕ್ಕಳಿಬ್ಬರಲ್ಲಿ ಹೃದಯಗತಿಯನ್ನು ಕೆಡಿಸಬಲ್ಲ ಆನುವಂಶಿಕ ವಿಕಾರವಿದ್ದಿತೆಂದು ವಿಜ್ಞಾನಿಗಳು ತೋರಿಸಿದ ಮೇಲೆ ೨೦೨೩ರ ಜೂನಿನಲ್ಲಿ ಆಕೆಗೆ ಕ್ಷಮಾದಾನವೂ ಡಿಸೆಂಬರಿನಲ್ಲಿ ದೋಷಮುಕ್ತಿಯೂ ದೊರೆತವು.

ಶೋಕಿಸುವವರ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದಾಗ ತಾಯಿಯು ನಿದ್ರಿಸಳು. ಇದನ್ನು ತಿಳಿದು ಇಂಗ್ಲೆಂಡಿನ ಆ ಸಂಸ್ಥೆಯು ೧೯೮೮ರಲ್ಲಿ ‘ಮುಂದಿನ ಶಿಶುವಿನ ಪಾಲನೆ’ ಎಂಬ ಅರ್ಥದ ಹೆಸರಿನಿಂದ ಒಂದು ಯೋಜನೆಯನ್ನು ಆರಂಭಿಸಿತು. ಅದರ ಪ್ರಕಾರ ಆರೋಗ್ಯಸಂದರ್ಶಕಿಯು ವಾರಕ್ಕೊಮ್ಮೆ ಮನೆಗೆ ಬರುವಳು; ಮಗುವನ್ನು ತೂಗುವ ತಕ್ಕಡಿಯನ್ನು ಮನೆಯಲ್ಲಿಯೇ ಇಡುವರು; ತಾಯಿಯು ಮಗುವಿನ ದಿನದಿನದ ಲಕ್ಷಣಗಳನ್ನು ಒಂದು ಪುಸ್ತಕದಲ್ಲಿ ಬರೆಯುವಳು. ಗತಿಸಿದ ಮಗುವು ಎಷ್ಟನೆಯ ವಾರದಲ್ಲಿ ಸತ್ತಿತೋ ಆ ವಾರವನ್ನು ಹೊಸ ಮಗುವು ದಾಟುವವರೆಗೂ, ಅದಕ್ಕೆ ಆಚೆಗೂ, ಈ ಬರವು ನಿಲ್ಲುವುದಿಲ್ಲ.